ಕೆಂಬಾಳೆಯ ಊರಿನಿಂದ ಎದೆಯ ದವಾಖಾನೆಗೆ

ಕಲಬುರಗಿಯಿಂದ ಈಶಾನ್ಯಕ್ಕೆ, ಹುಮನಾಬಾದಿನ ಹೆದ್ದಾರಿ ಹಿಡಿದು ಹೊರಟವನಿಗೆ ಮೊದಲು ಕಾಣುವುದು ಕರಿನೆಲ. ತೊಗರಿ, ಜೋಳ, ಮತ್ತೆ ತೊಗರಿ. ಕಣ್ಣು ದಣಿಯುವವರೆಗೆ ನೆರಳಿಲ್ಲದ ಬಯಲು. ಕುರಿಕೋಟಾ, ಮಹಾಗಾಂವಗಳ ಸೀಮೆಯನ್ನು ಕಳೆದ ಮೇಲೆ ನೆಲ ಮೆಲ್ಲಮೆಲ್ಲನೆ ತನ್ನ ಬಣ್ಣವನ್ನು ಬದಲಿಸುತ್ತದೆ. ಕಪ್ಪು ಕೆಂಪಾಗುತ್ತದೆ, ಬಯಲು ಎದ್ದು ಗುಡ್ಡವಾಗುತ್ತದೆ, ಗುಡ್ಡದ ಮಡಿಲಿನಲ್ಲಿ ಬಾಳೆಯ ತೋಟಗಳು ಹಸುರು ಚಾಪೆ ಹಾಸಿದಂತೆ ಕಾಣಿಸುತ್ತವೆ. ಇದೇ ಕಮಲಾಪುರ. ಜಿಲ್ಲೆಯ ಮುಖ್ಯಪಟ್ಟಣದಿಂದ 40 ಕಿಲೋಮೀಟರಿಗೆ ಮೀರದ ದೂರ. ಹಿಂದೆ ಕಲಬುರಗಿ ತಾಲ್ಲೂಕಿನ ಒಂದು ದೊಡ್ಡ ಹಳ್ಳಿಯಾಗಿದ್ದದ್ದು, 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿ ಈಗ ತಾನೇ ತಾಲ್ಲೂಕಿನ ಕೇಂದ್ರವಾಗಿದೆ.

ಕಮಲಾಪುರದ ಹೆಸರನ್ನು ನಾಡಿಗೆ ಮುಟ್ಟಿಸಿದ್ದು ಅಲ್ಲಿಯ ಕೆಂಬಾಳೆ. ತೊಗಟೆ ದಾಸವಾಳದ ಕೆಂಪು, ಒಳಗಿನ ತಿರುಳು ಕೆನೆಯ ಬಣ್ಣ. ಬಾಯಲ್ಲಿಟ್ಟರೆ ಬೇರೆಯೇ ಒಂದು ಪರಿಮಳ. ಭೌಗೋಳಿಕ ಗುರುತಿನ ಮನ್ನಣೆಯೂ ಈ ಹಣ್ಣಿಗೆ ಸಂದಿದೆ. ಬೆಳೆ ಕೈಗೆ ಬರುವುದು ತಡ. ಬಂದಾಗ ಬೆಲೆ ಜೋರು. ಉಳ್ಳವರ ಹಣ್ಣು ಎಂದು ಜನ ಕರೆಯುವುದು ಸುಮ್ಮನೆ ಅಲ್ಲ. ಬೆಳೆದವನ ಮನೆಯ ಮಕ್ಕಳು ಅದನ್ನು ತಿನ್ನುವುದು ಕಡಿಮೆ. ಬುಟ್ಟಿಗಳು ನೇರವಾಗಿ ಪೇಟೆಯ ದಾರಿ ಹಿಡಿಯುತ್ತವೆ.

ಆದರೆ ಈ ದಾರಿಯಲ್ಲಿ ಪೇಟೆಗೆ ಹೋಗುವುದು ಹಣ್ಣಿನ ಬುಟ್ಟಿಗಳಷ್ಟೇ ಅಲ್ಲ. ಮುಂಜಾನೆಯ ಬಸ್ಸನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಮೊಣಕಾಲಿನ ಮೇಲೆ ಕ್ಷ-ಕಿರಣದ ದೊಡ್ಡ ಲಕೋಟೆ ಇಟ್ಟುಕೊಂಡ ಮುದುಕ, ಸೆರಗಿನಲ್ಲಿ ಔಷಧದ ಚೀಟಿ ಗಂಟು ಹಾಕಿಕೊಂಡ ತಾಯಿ, ತಂದೆಯ ಭುಜವನ್ನು ಹಿಡಿದು ನಿಂತ ಯುವಕ, ಇವರೆಲ್ಲ ಇದೇ ಬಸ್ಸಿನ ನಿತ್ಯದ ಪ್ರಯಾಣಿಕರು. ಆ ದಾರಿಯಲ್ಲಿ ಅಂಥವರ ಜೊತೆ ನಡೆದ ಒಂದು ಪ್ರಯಾಣದ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಓರೆಯಾಗಿದ್ದ ಪ್ರಶ್ನೆ

ನನ್ನ ತರಗತಿಯ ಹುಡುಗನೊಬ್ಬ, ಕಮಲಾಪುರದ ಬದಿಯ ಹಳ್ಳಿಯವನು, ಒಂದು ದಿನ ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತುಕೊಂಡಿದ್ದ. “ಸರ, ಕಾರ್ಡ್ ನಡಿಯೋ ಹಾರ್ಟಿನ ಡಾಕ್ಟರ್ ಯಾರರೆ ಗೊತ್ತದಾರೇನ್ರಿ?” ಎಂದು ಕೇಳಿದ. ಅವನ ತಂದೆಗೆ ಒಂದು ತಿಂಗಳಿನಿಂದ ಎದೆನೋವು. ಮೂರು ಎಕರೆ ಒಣಬೇಸಾಯ, ಎರಡು ಎತ್ತು, ಅಂತ್ಯೋದಯವಲ್ಲದಿದ್ದರೂ ಬಡತನದ ರೇಖೆಯ ಕೆಳಗಿನವರಿಗೆ ಕೊಡುವ ಪಡಿತರ ಚೀಟಿ. ಇದಿಷ್ಟು ಆ ಮನೆಯ ಆಸ್ತಿ. ಹುಡುಗನ ನೋಟುಬುಕ್ಕಿನ ಕೊನೆಯ ಪುಟದಲ್ಲಿ ನಗರದ ಆರು ವೈದ್ಯರ ಹೆಸರುಗಳಿದ್ದವು. ಒಬ್ಬೊಬ್ಬರ ದವಾಖಾನೆಗೂ ಫೋನು ಮಾಡಿ “ಕಾರ್ಡ್ ನಡೀತದೇನ್ರಿ?” ಎಂದು ಕೇಳಿದ್ದನಂತೆ. ಒಂದು ಕಡೆ ಇಲ್ಲ ಎಂದರು, ಒಂದು ಕಡೆ ಬನ್ನಿ ನೋಡೋಣ ಎಂದರು, ಇನ್ನೊಂದು ಕಡೆ ಯಾವ ಕಾರ್ಡು ಎಂದು ತಿರುಗಿ ಕೇಳಿದರು.

ಹುಡುಗನ ಆತಂಕ ನಿಜವಾದದ್ದು. ಪ್ರಶ್ನೆ ಮಾತ್ರ ತುಸು ಓರೆಯಾಗಿತ್ತು. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಈ ಪ್ರಶ್ನೆಯನ್ನು ಹೀಗೆಯೇ ಕೇಳುವುದರಿಂದ ಅದರ ಒಳಮರ್ಮವನ್ನು ಬಿಡಿಸಿ ಹೇಳುವುದು ಒಳ್ಳೆಯದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಜೋಡುಹೆಸರಿನ ಯೋಜನೆ ಹುಟ್ಟಿದ್ದು 2018ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಬಂದಿತು. ಅಕ್ಟೋಬರ್ ತಿಂಗಳಲ್ಲಿ ಕೇಂದ್ರದ ಯೋಜನೆಯೊಡನೆ ಅದು ಒಂದಾಯಿತು. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಚಿತ. ರೇಖೆಯ ಮೇಲಿನವರಿಗೆ ನಿಗದಿಯಾದ ದರದ ನೂರಕ್ಕೆ 30 ಭಾಗವನ್ನು ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷಕ್ಕೆ ಮೀರದಂತೆ. ಇಷ್ಟನ್ನು ಎಲ್ಲರೂ ಕೇಳಿದ್ದಾರೆ. ಕೇಳದಿರುವುದು ಇನ್ನೊಂದು ಸಂಗತಿ: ಈ ಚೀಟಿ ವೈದ್ಯನನ್ನು ಕೊಳ್ಳುವ ಹಣವಲ್ಲ, ಚಿಕಿತ್ಸೆಯನ್ನು ಕೊಳ್ಳುವ ಹಣ. ಯೋಜನೆಯೊಳಗೆ ನೋಂದಾಯಿತವಾಗಿರುವುದು ಆಸ್ಪತ್ರೆಯೇ ಹೊರತು ವೈದ್ಯರಲ್ಲ. ಆಂಜಿಯೋಪ್ಲಾಸ್ಟಿ, ಬೈಪಾಸ್, ಕವಾಟದ ಶಸ್ತ್ರಕ್ರಿಯೆ ಎಂದು ಪಟ್ಟಿಯಲ್ಲಿ ಬರೆದ ಒಂದೊಂದು ಚಿಕಿತ್ಸೆಗೆ ಒಂದೊಂದು ದರ. ರೋಗಿ ಆಸ್ಪತ್ರೆಯಲ್ಲಿ ದಾಖಲಾದರೆ ಆ ದರ ಆಸ್ಪತ್ರೆಗೆ ಸಲ್ಲುತ್ತದೆ. ಸಂಜೆ ಆರು ಗಂಟೆಗೆ ಖಾಸಗಿ ದವಾಖಾನೆಯ ಬೆಂಚಿನ ಮೇಲೆ ಕುಳಿತು ನಾಡಿ ತೋರಿಸುವುದಕ್ಕೆ ಕಾರ್ಡು ನಡೆಯುವುದಿಲ್ಲ. ಎಷ್ಟು ಒಳ್ಳೆಯ ವೈದ್ಯರಾದರೂ ಅಲ್ಲಿ ಶುಲ್ಕ ಶುಲ್ಕವೇ.

ಮತ್ತೊಂದು ನಿಯಮವುಂಟು. ತುರ್ತಲ್ಲದ ರೋಗಕ್ಕೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲವೆಂದಾದರೆ ಅಲ್ಲಿಯ ವೈದ್ಯರ ಶಿಫಾರಸು ಪತ್ರ ಹಿಡಿದು ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು. ತುರ್ತು ಸಂದರ್ಭಕ್ಕೆ ಈ ಪತ್ರ ಬೇಡ. ಆದುದರಿಂದ “ಕಾರ್ಡ್ ನಡೆಯುವ ವೈದ್ಯರು ಎಲ್ಲಿದ್ದಾರೆ?” ಎಂಬ ಪ್ರಶ್ನೆಗೆ ಉತ್ತರವನ್ನು ನಗರದ ಫಲಕಗಳಲ್ಲಿ ಹುಡುಕತಕ್ಕದ್ದಲ್ಲ. ಆ ಉತ್ತರ ಕಮಲಾಪುರದಲ್ಲಿಯೇ ಇತ್ತು.

ಊರ ದವಾಖಾನೆ

ಮರುದಿನ ಹುಡುಗ, ಅವನ ತಂದೆ-ತಾಯಿ, ನಾನು ಕಮಲಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಕಲೆತೆವು. ಈ ಸೀಮೆಯವರ ಬಾಯಲ್ಲಿ ಅದು ಇಂದಿಗೂ ದವಾಖಾನೆ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಾಡು. ಆಳ್ವಿಕೆ ಹೋಯಿತು, ಮಾತು ಉಳಿಯಿತು.

ಹುಡುಗನ ತಂದೆಯನ್ನು ನಾನು ಕಾಕಾ ಎಂದೇ ಕರೆದೆ. ಮಾತು ಕಡಿಮೆಯ ಮನುಷ್ಯ. ವೈದ್ಯರು ಕೇಳಿದಾಗ ಎದೆಯ ನಡುವೆ ಅಂಗೈಯನ್ನಿಟ್ಟು ತೋರಿಸಿದರು. “ಹಳ್ಳದಿಂದ ಮ್ಯಾಲ ಹುಲ್ಲಿನ ಹೊರಿ ಹೊತ್ತು ಬರೋದ್ರಾಗ ಇಲ್ಲಿ ಬೀಸುಕಲ್ಲು ಇಟ್ಟಂಗ ಆಗ್ತದ್ರಿ. ಬೇವಿನಗಿಡದ ಬುಡಕ ಕುಂತ್ರ ಇಳೀತದ. ವಾಯು ಅಂದ್ಕೊಂಡು ಅಜವಾನ ತಿಂದೆ.” ಆ ಯುವ ವೈದ್ಯರು ಅಜವಾನದ ಮಾತಿಗೆ ನಗಲಿಲ್ಲ. ದುಡಿಯುವಾಗ ಬಂದು ಕುಳಿತಾಗ ಇಳಿಯುವ ನೋವು ಹೊಟ್ಟೆಯ ವಾಯುವಿನದಲ್ಲ, ಹೃದಯಕ್ಕೆ ರಕ್ತ ಸಾಲದೆ ಬರುವ ನೋವಿನ ಲಕ್ಷಣ ಎಂದು ತಿಳಿಸಿ ಹೇಳಿದರು. ಇಸಿಜಿ ತೆಗೆಸಿದರು. ಕಾಗದದ ಮೇಲಿನ ಗೆರೆಗಳಲ್ಲಿ ದೊಡ್ಡ ದೋಷವೇನೂ ಕಾಣಲಿಲ್ಲ. ಹುಡುಗನ ಮುಖ ಅರಳಿತು. ಆದರೆ ವೈದ್ಯರು, “ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಚೆನ್ನಾಗಿದ್ದರೆ ರಕ್ತನಾಳವೂ ಚೆನ್ನಾಗಿದೆಯೆಂದು ಅರ್ಥವಲ್ಲಪ್ಪ. ನಿಂತ ಬಂಡಿಯ ಅಚ್ಚು ಗಟ್ಟಿಯೇ ಎಂದು ತಿಳಿಯುವುದು ಹೇರು ಹಾಕಿದ ಮೇಲೆ ಅಲ್ಲವೆ?” ಎಂದರು. ರಕ್ತದೊತ್ತಡ ಹೆಚ್ಚಾಗಿತ್ತು. ಬೀಡಿಯ ಅಭ್ಯಾಸವಿತ್ತು. ಆಸ್ಪಿರಿನ್ ಮಾತ್ರೆ, ನೋವು ಬಂದಾಗ ನಾಲಿಗೆಯ ಕೆಳಗಿಡುವ ಇನ್ನೊಂದು ಮಾತ್ರೆ, ಮತ್ತು ಒಂದು ಪತ್ರ. ಇವನ್ನು ಕೊಟ್ಟು ಹೃದಯದ ಆಸ್ಪತ್ರೆಗೆ ಬರೆದರು.

ಆ ಪತ್ರ ಅರ್ಧ ಹಾಳೆಯದು. ಅದಕ್ಕೆ ಖರ್ಚಾದ ಹೊತ್ತು ಒಂದು ಗಂಟೆ. ಆರು ದವಾಖಾನೆಗಳ ಫೋನಿನಲ್ಲಿ ಸಿಗದಿದ್ದದ್ದು ಆ ಅರ್ಧ ಹಾಳೆಯಲ್ಲಿತ್ತು.

ಬಸ್ಸಿನ ಸಲಹೆಗಳು

ಹೊರಡುವ ಹಿಂದಿನ ರಾತ್ರಿ ಆ ಮನೆಯಲ್ಲಿ ಎತ್ತುಗಳ ಮಾತು ಎದ್ದಿತ್ತಂತೆ. ಹಿರಿಯ ಮಗ ಒಂದು ಜೋಡಿಗೆ ಗಿರಾಕಿಯನ್ನು ಗೊತ್ತುಮಾಡಿಯೂ ಬಿಟ್ಟಿದ್ದ. ಕಾಕಾ ಬಸ್ಸಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: “ಮಾಸ್ತರ್ರ, ನಾ ಇರಲಿ ಬಿಡಲಿ, ಎತ್ತು ಮಾರಬಾರದು. ಎತ್ತು ಹೋದ್ರ ಹೊಲ ಹೋಗ್ತದ, ಹೊಲ ಹೋದ್ರ ಈ ಹುಡುಗನ ಕಾಲೇಜ ಹೋಗ್ತದ.” ಎದೆಯ ರೋಗ ಒಬ್ಬನ ಎದೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಯಾವ ವೈದ್ಯಗ್ರಂಥವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಬಸ್ಸಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಹಿಂದಿನ ಸಾಲಿನವರೊಬ್ಬರು ಸೊಲ್ಲಾಪುರಕ್ಕೆ ಹೋಗಿರೆಂದರು. ಮುಂದಿನವರು ಹೈದರಾಬಾದೇ ಸರಿ ಎಂದರು. ಇದು ಈ ಸೀಮೆಯ ಹಳೆಯ ವಾಡಿಕೆ. ಮುಂಬಯಿ–ಮದರಾಸು ರೈಲುದಾರಿಯ ಮೇಲಿರುವ ಕಲಬುರಗಿಗೆ ಸೊಲ್ಲಾಪುರ ಎರಡು-ಮೂರು ಗಂಟೆಯ ಹಾದಿ. ಹೈದರಾಬಾದು ಹಿಂದಿನ ರಾಜಧಾನಿ. ಬೆಂಗಳೂರಾದರೋ ಸುಮಾರು 600 ಕಿಲೋಮೀಟರು. ಉಳ್ಳವರು ಹೋಗುತ್ತಿದ್ದರು. ಇಲ್ಲದವರು ಮನೆಯಲ್ಲಿಯೇ ಉಳಿಯುತ್ತಿದ್ದರು. ಸತ್ತರೆ ಎದೆಯೊಡೆದು ಸತ್ತನೆಂದು ಊರು ಹೇಳುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದ ಮೊದಲ ಪ್ರಯತ್ನ ಇದೇ ಕಲಬುರಗಿ ವಿಭಾಗದಿಂದ ಆರಂಭವಾಯಿತೆಂಬುದು ನಮ್ಮವರಲ್ಲಿಯೇ ಅನೇಕರಿಗೆ ಮರೆತುಹೋಗಿದೆ. 2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯನ್ನು ಮೊದಲು ತಂದದ್ದು ಉತ್ತರ ಕರ್ನಾಟಕದ ಬಡಕುಟುಂಬಗಳಿಗೆ. ಹೃದಯ, ಅರ್ಬುದ, ಮೂತ್ರಪಿಂಡ, ಮಿದುಳು ಮೊದಲಾದ ದುಬಾರಿ ರೋಗಗಳಿಗೆ ಒಂದೂವರೆ ಲಕ್ಷದವರೆಗೆ ಉಚಿತ ಚಿಕಿತ್ಸೆ. ಹಳ್ಳಿಗಳಲ್ಲಿ ಆರೋಗ್ಯ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿ ಕಳುಹಿಸುತ್ತಿದ್ದರು. ಆದರೆ ಪಟ್ಟಿಯಲ್ಲಿದ್ದ ಆಸ್ಪತ್ರೆಗಳಲ್ಲಿ ಬಹುಪಾಲು ದೂರದ ಬೆಂಗಳೂರಿನಲ್ಲಿದ್ದವು. ಆದರೂ ಫಲ ಬಂದಿತು. ಯೋಜನೆ ದೊರೆತ ಹಳ್ಳಿಗಳನ್ನೂ ದೊರೆಯದ ಹಳ್ಳಿಗಳನ್ನೂ, ಒಟ್ಟು 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯೊಳಗಿನ ರೋಗಗಳಿಂದ ಬಡಕುಟುಂಬಗಳಲ್ಲಿ ಆದ ಸಾವು, ಯೋಜನೆ ದೊರೆತ ಹಳ್ಳಿಗಳಲ್ಲಿ ನೂರಕ್ಕೆ 64ರಷ್ಟು ಕಡಿಮೆ ಇತ್ತು. ಒಂದು ಕಾಗದದ ಚೀಟಿಗೆ ಇಷ್ಟು ಸತ್ತ್ವವುಂಟೆಂದು ಯಾರೂ ಎಣಿಸಿರಲಿಲ್ಲ.

ಹೀಗೆ ಈ ನಾಡಿಗೆ ಮೊದಲು ಚೀಟಿ ಬಂದಿತು; ಆಸ್ಪತ್ರೆ ಬಂದದ್ದು ಆಮೇಲೆ.

ಬಸ್ಸು ಹೋಗುತ್ತಿದ್ದ ದಾರಿಗೂ ಈ ವಿಷಯಕ್ಕೂ ಒಂದು ಹಳೆಯ ನಂಟಿದೆ. 1347ರಲ್ಲಿ ಕಲಬುರಗಿಯಲ್ಲಿ ನೆಲೆಯೂರಿದ ಬಹಮನಿ ಅರಸರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದರು. ಅಲ್ಲಿ ಎರಡನೆಯ ಅಹಮದ್ ಶಹ ಒಂದು ದೊಡ್ಡ ಚಿಕಿತ್ಸಾಲಯವನ್ನು ಕಟ್ಟಿಸಿ, ಔಷಧ ಮತ್ತು ಪಥ್ಯದ ಖರ್ಚಿಗಾಗಿ ಕೆಲವು ಹಳ್ಳಿಗಳ ಕಂದಾಯವನ್ನು ಬಿಟ್ಟುಕೊಟ್ಟನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಹಳ್ಳಿಯ ಕಂದಾಯದಿಂದ ರೋಗಿಯ ಔಷಧ ಎಂಬ ತತ್ತ್ವ ಇಲ್ಲಿಯ ಮಣ್ಣಿಗೆ ಹೊಸದಲ್ಲ. ಹೆಸರು ಮಾತ್ರ ವಿಮೆ ಎಂದು ಬದಲಾಗಿದೆ.

ಸೇಡಂ ರಸ್ತೆ

ಕಲಬುರಗಿಯನ್ನು ನೋಡಲು ಬರುವವರು ಶರಣಬಸವೇಶ್ವರರ ಗುಡಿಗೆ ಹೋಗುತ್ತಾರೆ; ಬಂದೇ ನವಾಜರ ದರ್ಗಾಕ್ಕೆ ಹೋಗುತ್ತಾರೆ; ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಕಮಾನುಗಳ ಕೆಳಗೆ ನಿಂತು ಬೆರಗಾಗುತ್ತಾರೆ. ರೋಗಿಗಳ ಕಲಬುರಗಿ ಬೇರೆ. ಅವರ ರಾಜಬೀದಿ ಸೇಡಂ ರಸ್ತೆ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, ಬಸವೇಶ್ವರ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಯನ್ನು ಒಳಗೊಂಡ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್, ಕಾರ್ಮಿಕ ವಿಮೆಯ ಅರಮನೆಯಂಥ ಇಎಸ್‌ಐ ಆಸ್ಪತ್ರೆ, ಎಲ್ಲವೂ ಈ ರಸ್ತೆಯಲ್ಲಿಯೇ ಸಿಗುತ್ತವೆ. ನಡುನಡುವೆ ಔಷಧದ ಅಂಗಡಿಗಳು, ರಕ್ತಪರೀಕ್ಷೆಯ ಕೋಣೆಗಳು, ಚಹದ ಗಾಡಿಗಳು.

ಜಯದೇವ ಹೃದ್ರೋಗ ಸಂಸ್ಥೆಯ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳ ಹೆಸರನ್ನು ಹೊತ್ತು ಬೆಂಗಳೂರಿನಲ್ಲಿ ಬೆಳೆದ ಈ ಸರ್ಕಾರಿ ಸ್ವಾಯತ್ತ ಸಂಸ್ಥೆ 2016ರಲ್ಲಿ ಕಲಬುರಗಿಯಲ್ಲಿ ಶಾಖೆಯನ್ನು ತೆರೆಯಿತು. 2024ರ ಡಿಸೆಂಬರ್ 22ರಂದು ಅದರ ಸ್ವಂತದ ದೊಡ್ಡ ಕಟ್ಟಡ ಉದ್ಘಾಟನೆಯಾಯಿತು. ಅದರಲ್ಲಿರುವ ಹಾಸಿಗೆಗಳ ಸಂಖ್ಯೆ 371. ಈ ಅಂಕೆ ಲೆಕ್ಕಿಗನದಲ್ಲ, ನಾಡಿನದು. ಈ ಭಾಗಕ್ಕೆ ವಿಶೇಷ ಸ್ಥಾನಮಾನವನ್ನು ಕೊಟ್ಟ ಸಂವಿಧಾನದ 371 ಜೆ ವಿಧಿಯ ನೆನಪಿಗಾಗಿ ಅಷ್ಟೇ ಹಾಸಿಗೆಗಳನ್ನು ಇರಿಸಲಾಯಿತು. ಕಾಯಿದೆಯೊಂದು ಹಾಸಿಗೆಯಾಗಿ ಹಾಸಿಕೊಂಡಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಳದ ಹೊರಗೆ ಬೇವಿನ ನೆರಳಿನಲ್ಲಿ ರೊಟ್ಟಿಯ ಗಂಟುಗಳು ಬಿಚ್ಚಿಕೊಂಡಿದ್ದವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಅಲ್ಲಿ ಚಹ ಕುಡಿಯುತ್ತ ಕುಳಿತಿದ್ದ ಒಂದು ಕುಟುಂಬದವರು ನಮ್ಮ ಹಾಗೆ ಊರ ದವಾಖಾನೆಯಿಂದ ಬಂದವರಲ್ಲ. ನೇರವಾಗಿ ಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಇಳಿದಿದ್ದರು. ಅಲ್ಲಿ ಎರಡು ದಿನದ ಪರೀಕ್ಷೆಗಳಿಗೆ ಕೈಯಿಂದ ಹಣ ಕಟ್ಟಿ, ಮೂರನೆಯ ದಿನ ಮುಂಗಡ ಕೇಳಿದಾಗ ಕಾರ್ಡನ್ನು ತೆಗೆದು ತೋರಿಸಿದರಂತೆ. ಪತ್ರವಿಲ್ಲದೆ ನಡೆಯದೆಂಬ ಉತ್ತರ ಬಂದಿತಂತೆ. ಸಾಲ ತಂದ ಹಣ ಮುಗಿದಿತ್ತು. ಚಿಕಿತ್ಸೆ ಇನ್ನೂ ಆರಂಭವಾಗಿರಲಿಲ್ಲ. “ಮೊದಲೇ ಯಾರರೆ ಹೇಳಿದ್ರ ಛಲೋ ಆಗ್ತಿತ್ತು” ಎಂದು ಆ ಮನೆಯ ಹಿರಿಯಳು ಯಾರನ್ನೂ ದೂರದೆ ಹೇಳಿದಳು. ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಈ ಲೇಖನಕ್ಕೆ ಅದೂ ಒಂದು ಕಾರಣ.

ಹೆಸರಿನ ಒಂದು ಅಕ್ಷರ

ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ನೌಕರನಿರುತ್ತಾನೆ. ಚೀಟಿಯನ್ನು ಪರಿಶೀಲಿಸಿ, ಚಿಕಿತ್ಸೆಗೆ ಮೊದಲೇ ಒಪ್ಪಿಗೆ ತರಿಸುವುದು ಅವನ ಕೆಲಸ. ಆಸ್ಪತ್ರೆಗೆ ಕಾಲಿಟ್ಟವನು ವೈದ್ಯನಷ್ಟೇ ಅವಶ್ಯವಾಗಿ ಕಾಣಬೇಕಾದ ಮನುಷ್ಯ ಇವನು. ಕಾಕಾರ ಕಾಗದಗಳನ್ನು ನೋಡಿದವನು ಬೆರಳನ್ನು ಒಂದು ಕಡೆ ನಿಲ್ಲಿಸಿದ. ಆಧಾರದಲ್ಲಿ ಹೆಸರಿನ ಕೊನೆಗೆ ‘ಪ್ಪ’ ಎಂದಿತ್ತು. ಪಡಿತರ ಚೀಟಿಯಲ್ಲಿ ಆ ‘ಪ್ಪ’ ಇರಲಿಲ್ಲ. ಬರೆದವರಾರೋ, ಬರೆಸಿದವರಾರೋ, ಐವತ್ತೆಂಟು ವರ್ಷ ಹೊತ್ತ ಹೆಸರಿನ ಒಂದು ಒತ್ತಕ್ಷರ ಕಾಗದದಲ್ಲಿ ಉದುರಿಹೋಗಿತ್ತು. ಕನ್ನಡ ಕಲಿಸುವ ನಾನು ಒತ್ತಕ್ಷರದ ಮಹತ್ತ್ವವನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದುಂಟು. ಅದರ ಬೆಲೆ ಲಕ್ಷ ರೂಪಾಯಿಯಾಗಬಹುದೆಂದು ಎಣಿಸಿರಲಿಲ್ಲ. ಪುಣ್ಯಕ್ಕೆ ಕುಟುಂಬದ ಇತರ ವಿವರಗಳೆಲ್ಲ ಕೂಡಿಬಂದುದರಿಂದ ಆ ದಿನವೇ ತೊಡಕು ಬಿಡಿಸಿಕೊಂಡಿತು.

ಮುಂದಿನ ಎರಡು ದಿನಗಳಲ್ಲಿ ಎಕೋ ಪರೀಕ್ಷೆ, ಆಂಜಿಯೋಗ್ರಾಮ್ ನಡೆದವು. ಮಣಿಕಟ್ಟಿನ ನಾಳದಲ್ಲಿ ದಾರದಂಥ ಕೊಳವೆಯನ್ನು ಏರಿಸಿ ಹೃದಯದ ರಕ್ತನಾಳಗಳ ಚಿತ್ರ ತೆಗೆಯುತ್ತಾರೆ. ಒಂದು ನಾಳ ಬಹಳ ಕಿರಿದಾಗಿತ್ತು. ಅಲ್ಲಿ ಒಂದು ಸ್ಟೆಂಟ್ ಇರಿಸಿದರು. ಅದು ಮುಚ್ಚಿದ ನಾಳವನ್ನು ಒಳಗಿನಿಂದ ಎತ್ತಿಹಿಡಿಯುವ ಲೋಹದ ಜಾಲರಿ. ಒಂದು ಕಾಲದಲ್ಲಿ ಔಷಧ ಲೇಪಿಸಿದ ಒಂದು ಸ್ಟೆಂಟಿಗೆ ರೋಗಿಗಳು ಲಕ್ಷ ರೂಪಾಯಿಗೂ ಮಿಕ್ಕಿ ಕೊಡುತ್ತಿದ್ದರು. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಅದಕ್ಕೆ 29,600 ರೂಪಾಯಿಯ ಮಿತಿಯನ್ನು ಕಟ್ಟಿತು, ಲೇಪನವಿಲ್ಲದ್ದಕ್ಕೆ 7,260. ಬಡವನ ಎದೆಯನ್ನು ತಲುಪುವ ದಾರಿಯಲ್ಲಿ ಈ ಆಜ್ಞೆಯೂ ಒಂದು ಮೈಲುಗಲ್ಲು.

ಕಾಕಾ ಎಚ್ಚರದಿಂದಲೇ ಇದ್ದರು. ಹೊರಗೆ ಬಂದಾಗ ಕೇಳಿದ ಮೊದಲ ಪ್ರಶ್ನೆ: “ಎತ್ತಿಗಿ ನೀರ ಕುಡಿಸ್ಯಾರೇನು?” ಮಗ ನಕ್ಕ, ನಗುತ್ತಲೇ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡ.

ಯಾವ ಚೀಟಿ ಯಾರಿಗೆ

ಎಲ್ಲರ ಕೈಯಲ್ಲಿಯೂ ಒಂದೇ ಚೀಟಿ ಇರುವುದಿಲ್ಲ. ಕಾರ್ಖಾನೆ ಅಥವಾ ಅಂಗಡಿಯಲ್ಲಿ ದುಡಿದು ತಿಂಗಳಿಗೆ 21,000 ರೂಪಾಯಿಗೆ ಮೀರದ ಸಂಬಳ ಪಡೆಯುವ ವಿಮಾದಾರ ಕಾರ್ಮಿಕರಿಗೆ 1948ರ ಕಾಯಿದೆಯಿಂದ ಹುಟ್ಟಿದ ಇಎಸ್‌ಐ ಉಂಟು. ಅದರಲ್ಲಿ ಹೊರರೋಗಿಯಾಗಿ ನೋಡಿಸಿಕೊಳ್ಳುವುದೂ ಔಷಧವೂ ಸೇರಿವೆ. ಈ ವಿಷಯದಲ್ಲಿ ಅದು ಆಯುಷ್ಮಾನಿಗಿಂತ ಒಂದು ಹೆಜ್ಜೆ ಮುಂದು. ಸಹಕಾರ ಸಂಘದ ಸದಸ್ಯರಾದ ರೈತರಿಗೆ ಯಶಸ್ವಿನಿ ಉಂಟು. 2003ರಿಂದ ನಡೆದು ನಾಡಿಗೆ ಮಾದರಿಯೆನಿಸಿದ ಆ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, 2022ರ ಕೊನೆಗೆ ಮತ್ತೆ ತನ್ನ ಹೆಸರಿನಿಂದಲೇ ನೋಂದಣಿಯನ್ನು ತೆರೆಯಿತು. ಯಾವ ಚೀಟಿಯೆಂದು ತಿಳಿಯದೆ ಯಾವ ಆಸ್ಪತ್ರೆಯೆಂದು ತಿಳಿಯಲಾಗದು.

ಇದೆಲ್ಲ ನಿಧಾನವಾಗಿ ಬರುವ ನೋವಿನ ಮಾತು. ಒಮ್ಮೆಲೆ ಬಡಿಯುವ ಹೃದಯಾಘಾತದ ಕಥೆ ಬೇರೆ. ಅಲ್ಲಿ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. 40 ಕಿಲೋಮೀಟರು 400ರಂತೆ ಕಾಣುತ್ತದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೆಲ್ಲ ಬೆಚ್ಚಿತು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಘೋಷಿಸಿತು. ಅದರ ಕ್ರಮ ಸರಳವಾದದ್ದು: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ತಂತಿಯಿಲ್ಲದ ದಾರಿಯಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸುತ್ತಾರೆ, ಆಘಾತವೆಂದು ಅವರು ಹೇಳಿದೊಡನೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ, ಆಮೇಲೆ ಆಂಬುಲೆನ್ಸಿನಲ್ಲಿ ಮುಂದಕ್ಕೆ. ವೈದ್ಯನನ್ನು ಹುಡುಕಿ ರೋಗಿ ಹೋಗುವುದಲ್ಲ. ರೋಗಿಯನ್ನು ಹುಡುಕಿ ವೈದ್ಯನ ಕಣ್ಣು ಬರುತ್ತದೆ. ತಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಈ ಏರ್ಪಾಡು ಇದೆಯೇ ಎಂಬುದನ್ನು ನೋವು ಬರುವ ಮೊದಲೇ ಕೇಳಿಟ್ಟುಕೊಳ್ಳುವವನು ಜಾಣ. ನೋವು ಬಂದ ಮೇಲೆ 108ಕ್ಕೆ ಕರೆ ಮಾಡುವುದು. ಬೈಕಿನ ಹಿಂದೆ ಕೂರಿಸಿಕೊಂಡು ನಗರಕ್ಕೆ ಓಡುವುದಲ್ಲ.

ಚೀಟಿ ಮುಗಿಯುವ ಕಡೆ

ಬಿಡುಗಡೆಯ ದಿನ ಕಾಕಾರ ಕೈಗೆ ಬಂದ ಕಾಗದದಲ್ಲಿ ಐದು ಬಗೆಯ ಮಾತ್ರೆಗಳಿದ್ದವು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಒಂದು ದಿನವೂ ಬಿಡಬಾರದು, ಬಿಟ್ಟರೆ ಹೊಸ ಜಾಲರಿಯೇ ಮುಚ್ಚಿಹೋಗಬಹುದು ಎಂದು ವೈದ್ಯರು ಎರಡು ಸಲ ಹೇಳಿದರು. ಆಯುಷ್ಮಾನ್ ಚೀಟಿ ಚಿಕಿತ್ಸೆಯ ಬೆನ್ನಿಗೆ ಹದಿನೈದು ದಿನದವರೆಗಿನ ಔಷಧವನ್ನು ನೋಡಿಕೊಳ್ಳುತ್ತದೆ. ಹದಿನಾರನೆಯ ದಿನದಿಂದ ಅದು ಮನೆಯ ಖರ್ಚು. ಬಸ್ಸಿನ ಚಾರ್ಜು ಖರ್ಚು. 2023ರ ಜೂನಿನಿಂದ ಹೆಂಗಸರಿಗೆ ಟಿಕೇಟಿಲ್ಲವಾದುದರಿಂದ ಆ ತಾಯಿಯ ಪಾಲಿನದು ಉಳಿಯಿತು, ತಂದೆ-ಮಗನದು ಉಳಿಯಲಿಲ್ಲ. ಜೊತೆಗೆ ಬಂದವರ ಕೂಲಿ ಹೋಯಿತು. 5 ಲಕ್ಷ ರೂಪಾಯಿಯ ಚೀಟಿ ದಾಟಿಸಿದ ಮನೆ, ತಿಂಗಳಿಗೆ ಕೆಲವು ನೂರು ರೂಪಾಯಿಯ ಮಾತ್ರೆಯ ಹೊಸ್ತಿಲಲ್ಲಿ ಎಡವಿ ಬೀಳುವುದುಂಟು. ದೊಡ್ಡ ಹಣ ಎಲ್ಲರ ಕಣ್ಣಿಗೆ ಬೀಳುತ್ತದೆ. ಸಣ್ಣ ಹಣ ಬಡವನೊಬ್ಬನ ಕಣ್ಣಿಗೆ ಮಾತ್ರ.

ಇಲ್ಲಿಯೂ ಉತ್ತರ ಊರ ದವಾಖಾನೆಯದೇ. ರಕ್ತದೊತ್ತಡ, ಸಕ್ಕರೆ ರೋಗಗಳ ಮಾತ್ರೆಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಉಳಿದವು ಜನೌಷಧಿ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತವೆ. ಕಾಕಾರಿಗೆ ಪತ್ರ ಬರೆದುಕೊಟ್ಟ ಅದೇ ಯುವ ವೈದ್ಯರು ಈಗ ತಿಂಗಳಿಗೊಮ್ಮೆ ಅವರ ಒತ್ತಡವನ್ನು ಅಳೆಯುತ್ತಾರೆ. ಜೇಬು ಮುಟ್ಟಿ ಬೀಡಿ ಇದೆಯೇ ಎಂದು ನೋಡುತ್ತಾರಂತೆ. ಹೃದಯತಜ್ಞನೆಂಬ ಬಿರುದು ಅವರಿಗಿಲ್ಲ. ಆದರೆ ಒಬ್ಬ ಬಡವನ ಎದೆಯನ್ನು ವರ್ಷಕ್ಕೆ ಹನ್ನೆರಡು ಸಲ ಮುಟ್ಟಿನೋಡುವವರು ಅವರೊಬ್ಬರೇ.

ಹದಿನಾಲ್ಕು ವರ್ಷಗಳಲ್ಲಿ, ಎಂದರೆ 2010ರ ಚೀಟಿಯಿಂದ 2024ರ ಕಟ್ಟಡದವರೆಗೆ, ಬೆಂಗಳೂರಿನ 600 ಕಿಲೋಮೀಟರು ಈ ಸೀಮೆಯ ರೋಗಿಗೆ 40ಕ್ಕೆ ಇಳಿದಿದೆ. ಇದು ಸಣ್ಣ ಸಾಧನೆಯಲ್ಲ. ಉಳಿದ 40ರಲ್ಲಿ ಮಾತ್ರ ಇನ್ನೂ ಜನ ದಾರಿ ತಪ್ಪುತ್ತಿದ್ದಾರೆ, ಮತ್ತು ತಪ್ಪುತ್ತಿರುವುದು ವೈದ್ಯರಿಲ್ಲದೆ ಅಲ್ಲ, ತಿಳಿವಳಿಕೆ ಇಲ್ಲದೆ. ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಈ ಪತ್ರಿಕೆಯನ್ನು ಮಡಿಸಿಟ್ಟ ಮೇಲೆ ಮನೆಯ ಪಡಿತರ ಚೀಟಿಯನ್ನೂ ಆಧಾರವನ್ನೂ ಒಂದರ ಪಕ್ಕ ಒಂದಿಟ್ಟು ಮನೆಮಂದಿಯ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಓದಿನೋಡಿರಿ. ಅಕ್ಷರ ಬಾರದ ನೆರೆಯವರಿದ್ದರೆ ಅವರದನ್ನೂ ಓದಿಕೊಡಿರಿ. ಒಂದು ಒತ್ತಕ್ಷರ ಎಲ್ಲಿಯಾದರೂ ಉದುರಿದ್ದರೆ ಅದನ್ನು ಇಂದೇ ತಿದ್ದಿಸಿಕೊಳ್ಳುವುದು ಲೇಸು. ಎದೆ ಹಿಡಿದು ಕುಳಿತ ರಾತ್ರಿ ಕಚೇರಿಗಳು ತೆರೆದಿರುವುದಿಲ್ಲ.